ಕಟ್ಟೆ ಮತ್ತು ಕಟ್ಟಳೆ

ಲಕ್ಷ್ಮಣತೀರ್ಥವು ಕೊಡಗಿನ ಬ್ರಹ್ಮಗಿರಿಯಿಂದ ಇಳಿದು ಹುಣಸೂರು ಸೀಮೆಯಲ್ಲಿ ಹರಿಯುವಾಗ, ಹಿಂದಿನವರು ಅದಕ್ಕೆ ಅಲ್ಲಲ್ಲಿ ಕಲ್ಲಿನ ಕಟ್ಟೆಗಳನ್ನು ಹಾಕಿದ್ದಾರೆ. ಹನಗೋಡಿನಲ್ಲಿ ಒಂದುಂಟು, ಕಟ್ಟೆಮಳಲವಾಡಿಯಲ್ಲಿ ಒಂದುಂಟು. ನದಿಯನ್ನು ಸೆರೆಹಿಡಿದು ನಿಲ್ಲಿಸುವ ಸಾಹಸ ಈ ಕಟ್ಟೆಗಳಿಗಿಲ್ಲ. ನೀರು ಬಂದು ಕಲ್ಲನ್ನು ಮುಟ್ಟುತ್ತದೆ, ಕೊಂಚ ಹೊತ್ತು ತಡೆಯುತ್ತದೆ, ಏರುತ್ತದೆ. ಒಂದು ಪಾಲು ಕಾಲುವೆಗೆ ಹೊರಳಿ ಗದ್ದೆಗಳ ಕಡೆಗೆ ನಡೆಯುತ್ತದೆ, ಉಳಿದದ್ದು ಕಟ್ಟೆಯ ನೆತ್ತಿಯಿಂದ ಧುಮುಕಿ ತನ್ನ ದಾರಿ ಹಿಡಿಯುತ್ತದೆ. ಊರಿನ ಹೆಸರಿನಲ್ಲಿರುವ ಕಟ್ಟೆ ಇದೇ ಇರಬೇಕು. ಮಳಲು ಎಂದರೆ ಮರಳು ತಾನೆ, ಆದರೂ ಸ್ಥಳನಾಮಗಳ ವ್ಯುತ್ಪತ್ತಿಯಲ್ಲಿ ಪಟ್ಟುಹಿಡಿದು ವಾದಿಸುವ ಚಪಲ ನನಗಿಲ್ಲ. ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. ಕಟ್ಟು ಎಂಬ ಒಂದು ಧಾತುವಿನಿಂದ ನಮ್ಮ ನುಡಿ ಎಷ್ಟು ಮಾತುಗಳನ್ನು ಪಡೆದಿದೆ! ಹೊಳೆಗೆ ಅಡ್ಡಹಾಕಿದ್ದೂ ಕಟ್ಟೆ, ಅರಳಿಯ ಬುಡಕ್ಕೆ ಸುತ್ತಿದ ಜಗಲಿಯೂ ಕಟ್ಟೆ. ಊರು ನಡೆದುಕೊಳ್ಳಬೇಕಾದ ನಿಯಮವು ಕಟ್ಟುಪಾಡು, ಕಟ್ಟಳೆ. ಈ ನೆಂಟಸ್ತನ ಬರಿಯ ಶಬ್ದದ್ದೆ, ಅರ್ಥದ್ದೂ ಅಹುದೆ ಎಂಬ ಯೋಚನೆ ನನಗೆ ಬಂದದ್ದು ಆ ಊರಿನ ಒಂದು ಹಿತ್ತಿಲಲ್ಲಿ, ಒಂದು ಹುಣಸೆಯ ಮರದ ಬುಡದಲ್ಲಿ.

ಮರ ಯಜಮಾನರದು, ಅಂದರೆ ಅದು ನಿಂತ ನೆಲದ ಪಹಣಿಯಲ್ಲಿ ಅವರ ಹೆಸರಿತ್ತು. ಮಗನಿಗೆ ಬೇರೆ ಮನೆ ಕಟ್ಟಿಸಬೇಕಾಗಿ ಬಂದು, ಇದ್ದ ಒಂದೇ ಜಾಗಕ್ಕೆ ಹುಣಸೆ ಅಡ್ಡವಾಗಿ, ಕಚೇರಿಗೆ ಅರ್ಜಿ ಹಾಕಿ ಕೆಲವು ತಿಂಗಳು ಓಡಾಡಿದ ಮೇಲೆ ದೊರೆತ ಅನುಮತಿಯ ಕಾಗದವು ನಾಲ್ಕು ಮಡಿಕೆಯಾಗಿ ಅವರ ಅಂಗಿಯ ಜೇಬಿನಲ್ಲಿತ್ತು. ಮರ ಕಡಿಯುವವನು ಸಂಜೆಯ ಹೊತ್ತಿಗೆ ಬಂದ. ಕೊಡಲಿಯನ್ನು ಗೋಣಿತಾಟಿನಲ್ಲಿ ಸುತ್ತಿ ಗೋಡೆಗೆ ಒರಗಿಸಿ, ಚೊಂಬಿನ ನೀರಿನಿಂದ ಬೊಡ್ಡೆಯನ್ನು ಅಂಗೈಯಗಲ ತೊಳೆದು, ಅರಿಸಿನ ಕುಂಕುಮ ಇಟ್ಟು, ಎರಡು ಊದುಕಡ್ಡಿಯನ್ನು ತೊಗಟೆಯ ಬಿರುಕಿಗೆ ಸಿಕ್ಕಿಸಿ, ಕಾಯಿ ಒಡೆದು, ಕೈಮುಗಿದು ಏನನ್ನೋ ಗೊಣಗಿದ. ಕೊಡಲಿಯನ್ನು ಮುಟ್ಟಲಿಲ್ಲ.

"ಇವತ್ತೇ ಶುರು ಮಾಡೋಕಿಲ್ವೇನಯ್ಯ?" ಎಂದರು ಯಜಮಾನರು.

"ಇಲ್ಲ ಸ್ವಾಮಿ, ನಾಳೀಕೆ. ಇವತ್ತು ಹೇಳ್ಬುಟ್ಟು ಹೋಗೋಕೆ ಬಂದೆ."

"ಯಾರಿಗೆ ಹೇಳೋದು?"

"ಒಳಗಿರೋರ್ಗೆ. ಅವರೂ ಬೇರೆ ಕಡೆ ಜಾಗ ನೋಡ್ಕೋಬೇಕಲ್ಲ."

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ, ದೇವತಾಪ್ರತಿಮೆಗಾಗಿ ಮರವನ್ನು ತರಲು ಅರಣ್ಯವನ್ನು ಹೊಗುವವನು ಅನುಸರಿಸತಕ್ಕ ಕ್ರಮವನ್ನು ಹೇಳುವ ಒಂದು ಅಧ್ಯಾಯವುಂಟು. ಆರಿಸಿದ ಮರವನ್ನು ಹಿಂದಿನ ರಾತ್ರಿ ಪೂಜಿಸಿ, ಬಲಿಯನ್ನಿಟ್ಟು, ಅದರಲ್ಲಿ ವಾಸವಾಗಿರುವ ಭೂತಗಳಿಗೆ ನಮಸ್ಕರಿಸಿ, ಈ ಪೂಜೆಯನ್ನು ಸ್ವೀಕರಿಸಿ ಬೇರೆ ವಸತಿಯನ್ನು ಕಲ್ಪಿಸಿಕೊಳ್ಳಿರೆಂದು ಪ್ರಾರ್ಥಿಸಿ, ಮರುದಿನ ಬೆಳಗ್ಗೆ ಛೇದಿಸಬೇಕೆಂಬುದು ಅಲ್ಲಿಯ ವಿಧಿ. ಕಟ್ಟೆಮಳಲವಾಡಿಯ ಕೊಡಲಿಯವನು ಆರನೆಯ ಶತಮಾನದ ಆ ಗ್ರಂಥವನ್ನು ಓದಿದವನಲ್ಲ. ವರಾಹಮಿಹಿರನೇ ಇಂತಹವನೊಬ್ಬನ ಬಾಯಿಂದ ಕೇಳಿ ಬರೆದುಕೊಂಡಿರಬೇಕೆಂದು ಊಹಿಸುವುದು ಹೆಚ್ಚು ಸಹಜ. ಅದೇನೇ ಇರಲಿ, ಆ ಸಂಜೆ ಆ ಮರದ ಬಳಿ ಎರಡು ಅನುಮತಿಗಳಿದ್ದುವು. ಒಂದು ಜೇಬಿನಲ್ಲಿ, ಮೊಹರು ಬಿದ್ದದ್ದು. ಇನ್ನೊಂದು ಬೊಡ್ಡೆಯ ಬಳಿ, ಊದುಕಡ್ಡಿಯ ಹೊಗೆಯಲ್ಲಿ. ಮೊದಲನೆಯದನ್ನು ಕೇಳಿದ್ದು ಸರ್ಕಾರವನ್ನು, ಎರಡನೆಯದನ್ನು ಕೇಳಿದ್ದು ಮರವನ್ನೇ. ಮರದ ಒಡೆಯನನ್ನು ಯಾರೂ ಕೇಳಲಿಲ್ಲ, ಅವನೇ ಕೇಳಿಕೊಳ್ಳುವವನಾಗಿದ್ದ. ತನ್ನ ನೆಲದಲ್ಲಿ ತನ್ನ ತಾತ ನೆಟ್ಟ ಮರವನ್ನು ತೆಗೆಯಲು ಮನುಷ್ಯನು ಮತ್ತೊಬ್ಬರನ್ನು ಕೇಳಬೇಕಾದ ಅಗತ್ಯವೇನು? ಇದು ಕಾನೂನಿನ ಪ್ರಶ್ನೆಯಂತೆ ಕಂಡರೂ, ಒಂದು ಹಿಡಿ ಮಣ್ಣು ತೆಗೆದರೆ ಕೆಳಗೆ ತಗಲುವ ಬೇರು ಧರ್ಮಜಿಜ್ಞಾಸೆಯದು.

ಕಾನೂನನ್ನು ಮೊದಲು ನೋಡೋಣ. ಖಾಸಗಿ ಜಮೀನಿನ ಮರವನ್ನೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯಕೂಡದೆಂಬ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು 1976ರದು. ಅಂದರೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರೂ ಹುಣಸೂರಿನ ಶಾಸಕರೂ ಆದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕಾಲದ್ದು. ಹುಣಸೆಯಿಂದ ಹೆಸರು ಪಡೆದ ಊರಿನವರ ಆಳ್ವಿಕೆಯಲ್ಲಿ ಮರಕ್ಕೊಂದು ಕಾಯಿದೆಯಾದದ್ದು ಆಕಸ್ಮಿಕವೇ ಇರಬಹುದು. ಆದರೆ ಇದಕ್ಕೆ ಎರಡು ವರ್ಷ ಮುಂಚೆ, 1974ರಲ್ಲಿ, ಅದೇ ಸರ್ಕಾರವು ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತ್ತೆಂಬುದನ್ನು ಜೊತೆಗಿಟ್ಟು ನೋಡಿದರೆ ಒಂದು ವಿಚಾರ ಹೊಳೆಯುತ್ತದೆ. ಒಂದು ಕೈಯಿಂದ ನೆಲವನ್ನು ಕೊಟ್ಟ ಶಾಸನವು ಇನ್ನೊಂದು ಕೈಯಿಂದ, ಆ ನೆಲದ ಮೇಲೆ ನಿಂತದ್ದೆಲ್ಲ ನಿನ್ನ ಇಚ್ಛೆಗೆ ಬಿಟ್ಟದ್ದಲ್ಲ ಎಂದು ಹೇಳಿತು. ಹೊಸ ಒಡೆಯನಿಗೆ ಇದು ಅಸಂಗತವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನಿನ್ನೆಯವರೆಗೆ ಗೇಣಿದಾರನಾಗಿ ಕೇಳಿಕೊಂಡದ್ದು ಸಾಲದೆ ಇಂದೂ ಕೇಳಬೇಕೆ?

ಆದರೂ ಕಾಯಿದೆಯು ನಿಷ್ಕರುಣಿಯಲ್ಲ. ಮರ ಬಲಿತಿದ್ದರೆ, ಬಿರುಗಾಳಿಗೆ ಸಿಡಿಲಿಗೆ ಕೆಟ್ಟಿದ್ದರೆ, ಪ್ರಾಣಕ್ಕೋ ಕಟ್ಟಡಕ್ಕೋ ಅಪಾಯ ತರುವಂತಿದ್ದರೆ, ಹಳ್ಳಿಯವರಿಗೆ ಮನೆಯ ಒಲೆಗೆ, ದನದ ಮೇವಿಗೆ, ನೇಗಿಲು ನೊಗಗಳಿಗೆ ನಿಜವಾಗಿಯೂ ಬೇಕಾಗಿದ್ದರೆ ಅನುಮತಿಯನ್ನು ನಿರಾಕರಿಸಕೂಡದೆಂಬುದೂ ಅದರಲ್ಲಿದೆ. ಕಡಿದವನು ಬದಲಿಗೆ ನೆಡತಕ್ಕದ್ದೆಂಬುದೂ ಇದೆ. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದುವಕ್ಕೆ ಅನುಮತಿಯೇ ಬೇಡ. ಆಮೇಲೆ, ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳು ಹೋಗುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳಬೇಕೆಂದೂ ತಿದ್ದುಪಡಿಯಾಯಿತು. 49 ಮರಗಳು ಏನು ಪಾಪ ಮಾಡಿದ್ದುವೋ!

ಇಂತಹ ಕಟ್ಟಳೆ ಪರದೇಶದಿಂದ ಬಂದ ಹೊಸ ವಿಚಾರವೆಂದು ಭಾವಿಸುವವರುಂಟು. ಇಂಗ್ಲೆಂಡಿನ 1947ರ ನಗರಗ್ರಾಮ ಯೋಜನೆಯ ಕಾಯಿದೆಯು, ಖಾಸಗಿಯವರ ತೋಟದಲ್ಲಿರುವ ಇಂತಹ ಮರವೆಂದು ಗುರುತಿಸಿ ಅದನ್ನು ರಕ್ಷಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟದ್ದು ನಿಜ. ಆದರೆ ಕೌಟಿಲ್ಯನ ಅರ್ಥಶಾಸ್ತ್ರವು ನಗರದ ಉಪವನಗಳಲ್ಲಿ ಹೂವು ಹಣ್ಣು ನೆರಳು ಕೊಡುವ ಮರಗಳ ಚಿಗುರನ್ನು ಮುರಿದವನಿಗೆ 6 ಪಣ, ಸಣ್ಣ ಕೊಂಬೆಗೆ 12, ದೊಡ್ಡ ಕೊಂಬೆಗೆ 24, ಬೊಡ್ಡೆಯನ್ನೇ ಹಾಳುಮಾಡಿದವನಿಗೆ ಅದಕ್ಕೂ ಮಿಗಿಲು, ಬುಡಸಹಿತ ಕಿತ್ತವನಿಗೆ ಇನ್ನೂ ಮಿಗಿಲು ಎಂದು ದಂಡವನ್ನು ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಹಾಗೆಯೆ: ಕಡಿದರೆ ಮತ್ತೆ ಚಿಗುರುವಂತಹ ಮರಗಳು, ಜನ ನೆಮ್ಮಿ ಬದುಕುವಂತಹ ಮರಗಳು, ಇವುಗಳ ಕೊಂಬೆಗೆ 20 ಪಣ, ಕಾಂಡಕ್ಕೆ ಅದರ ಇಮ್ಮಡಿ, ಇಡೀ ಮರಕ್ಕೆ ಮತ್ತೂ ಇಮ್ಮಡಿ, ಎಲ್ಲೆಯ ಮೇಲೆ, ಸ್ಮಶಾನದಲ್ಲಿ, ಪುಣ್ಯಸ್ಥಳದಲ್ಲಿ, ದೇವಾಲಯದಲ್ಲಿ ಬೆಳೆದ ಮರವಾದರೆ ದಂಡವೂ ಇಮ್ಮಡಿಯಾಗುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು.

ಈ ಮೆಟ್ಟಿಲುಗಳನ್ನು ಓದುವಾಗ ನನಗೆ ಜೈನರ ಲೇಶ್ಯಾಕಥೆ ನೆನಪಾಗುತ್ತದೆ. ಹಸಿದ ಆರು ಜನ ದಾರಿಗರು ಹಣ್ಣು ತುಂಬಿದ ನೇರಳೆಯ ಮರವೊಂದನ್ನು ಕಂಡರಂತೆ. ಒಬ್ಬನು ಬುಡಸಹಿತ ಕೀಳೋಣವೆಂದನು, ಒಬ್ಬನು ಬೊಡ್ಡೆಯನ್ನು ಕಡಿಯೋಣವೆಂದನು, ಮೂರನೆಯವನು ದೊಡ್ಡ ಕೊಂಬೆ, ನಾಲ್ಕನೆಯವನು ಸಣ್ಣ ರೆಂಬೆ ಸಾಕೆಂದನು. ಐದನೆಯವನಿಗೆ ಹಣ್ಣಿನ ಗೊಂಚಲು ಸಾಕು. ಆರನೆಯವನು ನೆಲದ ಮೇಲೆ ಉದುರಿದ್ದನ್ನು ಆಯ್ದುಕೊಂಡರೆ ಹೊಟ್ಟೆ ತುಂಬುವುದಿಲ್ಲವೆ ಎಂದು ಕೇಳಿದನು. ಕೃಷ್ಣವರ್ಣದಿಂದ ಶುಕ್ಲವರ್ಣದವರೆಗೆ ಜೀವದ ಬಣ್ಣ ತಿಳಿಯಾಗುತ್ತ ಬರುವ ಆರು ನಿಲುವುಗಳು ಇವು. ಕೌಟಿಲ್ಯನ ದಂಡದ ಪಟ್ಟಿಯನ್ನೂ ಈ ಕಥೆಯನ್ನೂ ಅಕ್ಕಪಕ್ಕದಲ್ಲಿ ಇಟ್ಟರೆ ಏಣಿ ಒಂದೇ: ಒಬ್ಬನು ಪಣಗಳಲ್ಲಿ ಎಣಿಸಿದ್ದನ್ನು ಇನ್ನೊಬ್ಬನು ಬಣ್ಣಗಳಲ್ಲಿ ಎಣಿಸಿದ್ದಾನೆ. ಭೇದವೆಂದರೆ, ದಂಡವು ಮರಕ್ಕೆ ಆದ ಗಾಯವನ್ನು ಅಳೆಯುತ್ತದೆ. ಕಥೆಯಲ್ಲಿ ಮರಕ್ಕೆ ಇನ್ನೂ ಏನೂ ಆಗಿಲ್ಲ, ಆರು ಜನರೂ ಬರಿಯ ಮಾತಾಡಿದ್ದಾರೆ, ಅಷ್ಟರಲ್ಲಿಯೇ ಅವರ ಬಣ್ಣ ತೀರ್ಮಾನವಾಗಿಹೋಗಿದೆ.

ಮರದಲ್ಲಿ ನಿಜವಾಗಿಯೂ ಯಾರಾದರೂ ಇದ್ದಾರೆಯೆ? ಛಾಂದೋಗ್ಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ದೊಡ್ಡ ಮರವೊಂದನ್ನು ತೋರಿಸಿ ಹೇಳುವುದು ಇದನ್ನೇ: ಬುಡದಲ್ಲಿ ಹೊಡೆದರೂ ನಡುವೆ ಹೊಡೆದರೂ ತುದಿಯಲ್ಲಿ ಹೊಡೆದರೂ ಬದುಕಿದ್ದುಕೊಂಡೇ ಅದು ರಸವನ್ನು ಸುರಿಸುತ್ತದೆ, ಜೀವವು ಒಂದು ಶಾಖೆಯನ್ನು ಬಿಟ್ಟರೆ ಆ ಶಾಖೆ ಒಣಗುತ್ತದೆ, ಇಡೀ ಮರವನ್ನು ಬಿಟ್ಟರೆ ಮರ ಒಣಗುತ್ತದೆ, ನಿನ್ನಲ್ಲಿರುವುದೂ ಅದೇ. ಜೈನರು ಅದನ್ನು ಏಕೇಂದ್ರಿಯ ಜೀವವೆಂದರು. ನಮ್ಮ ಕೊಡಲಿಯವನು "ಒಳಗಿರೋರು" ಎಂದು ಬಹುವಚನದಲ್ಲಿ, ಮರ್ಯಾದೆಯಿಂದ ಹೇಳಿದ. ಇವರಲ್ಲಿ ಯಾರ ಪಕ್ಷವನ್ನು ಹಿಡಿಯಬೇಕೆಂಬುದು ನನಗೆ ಮುಖ್ಯವಲ್ಲ. ಮೂವರ ಮಾತೂ ಒಂದು ಕಡೆ ಸೇರುತ್ತದೆ: ಮರವು ಒಡೆಯನ ವಸ್ತುವೆಂಬ ಮಾತಿನಲ್ಲಿ ಮರದ ಕತೆ ಮುಗಿಯುವುದಿಲ್ಲ. ಮನೆಯನ್ನು ಕೊಂಡವನು ಅದರೊಳಗೆ ಬಾಡಿಗೆಗಿರುವವರನ್ನು ಕೊಂಡಂತಾಗುವುದಿಲ್ಲವಷ್ಟೆ.

(ಗೀತೆಯ ಹದಿನೈದನೆಯ ಅಧ್ಯಾಯದ ಅಶ್ವತ್ಥವನ್ನು ಅಸಂಗವೆಂಬ ಶಸ್ತ್ರದಿಂದ ಕಡಿಯಬೇಕೆಂದು ಭಗವಂತನೇ ಅಪ್ಪಣೆ ಕೊಟ್ಟಿದ್ದಾನೆ. ಯಾವ ಕಚೇರಿಗೂ ಅರ್ಜಿ ಹಾಕದೆ ಕಡಿಯಬಹುದಾದ ಅರಳಿ ಅದೊಂದೇ; ಅದಕ್ಕೆ ಕೈಹಾಕುವವರೇ ವಿರಳ.)

ಊರಿನ ಧರ್ಮಕ್ಕೂ ತನ್ನದೇ ಆದ ಪಟ್ಟಿಯುಂಟು. ಅರಳಿ, ಆಲ, ಅತ್ತಿ, ಬನ್ನಿ, ಬಿಲ್ವ ಇವುಗಳಿಗೆ ಕೊಡಲಿ ಹಾಕಲು ಜನ ಅಂಜುತ್ತಾರೆ. ಅರಳಿಗೂ ಬೇವಿಗೂ ಮದುವೆ ಮಾಡಿ, ಬುಡಕ್ಕೆ ಕಟ್ಟೆ ಕಟ್ಟಿ, ನಾಗರಕಲ್ಲನ್ನು ಪ್ರತಿಷ್ಠಿಸಿದ ಮೇಲೆ ಆ ನೆಲ ಯಾರ ಖಾತೆಯಲ್ಲಿದ್ದರೇನು, ಮರ ಊರಿನದು. ಹುಣಸೆಗೆ ಕಾವಲಾದದ್ದು ಭಕ್ತಿಗಿಂತ ದೆವ್ವದ ಭಯ. ಸರ್ಕಾರದ ಪಟ್ಟಿ ತಲೆಕೆಳಗಾದದ್ದು: ಅದು ಹೆಸರಿಸಿರುವುದು ಧಾರಾಳವಾಗಿ ಕಡಿಯಬಹುದಾದ ಮರಗಳನ್ನು. ಒಂದು ಪಟ್ಟಿಯಲ್ಲಿ ಮಾರಲಾಗದ ಮರಗಳು, ಇನ್ನೊಂದರಲ್ಲಿ ಮಾರಲೆಂದೇ ಬೆಳೆಸಿದ ಮರಗಳು. ಇವೆರಡರ ನಡುವೆ ಪೂಜೆಯೂ ಇಲ್ಲದೆ ವಿನಾಯಿತಿಯೂ ಇಲ್ಲದೆ ನಿಂತಿರುವುವು ಬದುವಿನ ಹೊಂಗೆ, ಜಾಲಿ, ಹೊನ್ನೆ, ಮಾವು. ಈ ಸೀಮೆಯಲ್ಲಿ ಅವುಗಳ ವಿಧಿಯನ್ನು ತಿಳಿಯಬೇಕಾದರೆ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಒಂದು ರಾತ್ರಿ ಕುಳಿತಿರಬೇಕು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಕೆಂಪುಮಣ್ಣಿಗೆ ಹೊಗೆಸೊಪ್ಪೇ ಹಣ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೊಂದು ಕಟ್ಟೆಮಳಲವಾಡಿಯಲ್ಲಿಯೇ ಇದೆ. ಬ್ಯಾರನ್ನೆಂದರೆ ಹೊಲದ ಮೂಲೆಯಲ್ಲಿ ಎಲೆಯನ್ನು ಹದಗೊಳಿಸುವ, ಕಿಟಕಿಯಿಲ್ಲದ ಎತ್ತರದ ಕೋಣೆ. ಹೊರಗೆ ಒಲೆಯ ಬಾಯಿ. ಒಳಗೆ ನೆಲದ ಮೇಲೆ ತಗಡಿನ ಕೊಳವೆಗಳು. ಮೇಲೆ ಅಟ್ಟಣೆಯಟ್ಟಣೆಯಾಗಿ, ಕಡ್ಡಿಗೆ ಕಟ್ಟಿ ತೂಗಹಾಕಿದ ಹಸಿ ಎಲೆ. ಬೆಂಕಿ ಐದಾರು ದಿನ ಹಗಲಿರುಳು ಆರಬಾರದು, ಏರಲೂ ಬಾರದು. ಒಂದು ಜಾವ ಕಣ್ಣು ಮುಚ್ಚಿದರೆ ಹಳದಿಯಾಗಬೇಕಾದ ಎಲೆ ಕಂದಾಗಿ ವರ್ಷದ ದುಡಿಮೆ ಹೋಗುತ್ತದೆ. ಆದುದರಿಂದ ರೈತನು ಗೋಣಿಚೀಲ ಹಾಸಿಕೊಂಡು ಅಲ್ಲೇ ಒರಗಿ, ಶಾಖಮಾಪಕವನ್ನು ನೋಡುತ್ತ, ಸೌದೆಯನ್ನು ನೂಕುತ್ತಿರುತ್ತಾನೆ. ಒಂದು ಕಿಲೋ ಎಲೆ ಹದವಾಗಬೇಕಾದರೆ ಸುಮಾರು ನಾಲ್ಕೈದು ಕಿಲೋ ಸೌದೆ. ನೀಲಗಿರಿ, ಸರ್ವೆ ಉರಿಯುವುದುಂಟು. ಅವು ಸಾಲದಾದಾಗ ಬದುವಿನ ಕಡೆ ಕಣ್ಣು ಹೊರಳುತ್ತದೆ. ಕಾಯಿದೆ ಕನಿಕರಿಸಿ ಬಿಟ್ಟದ್ದು ಮನೆಯ ಒಲೆಯನ್ನು. ಬ್ಯಾರನ್ನಿನ ಬಾಯಿ ಮನೆಯ ಒಲೆಯೆ? ಅಲ್ಲವೆಂದೇ ನಾನು ಓದುತ್ತೇನೆ. ಆದರೆ ಆ ಬೆಂಕಿಯಿಂದಲೇ ಮನೆಯ ಒಲೆ ಉರಿಯುವವನ ಎದುರಿಗೆ ಕುಳಿತು, ಅವನ ಕೆಂಪೇರಿದ ಕಣ್ಣುಗಳನ್ನು ನೋಡುತ್ತ, ಈ ವ್ಯತ್ಯಾಸವನ್ನು ವಿವರಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಹಾಗಾದರೆ ಮರಗಳನ್ನೆಲ್ಲ ಸರ್ಕಾರವೇ ವಹಿಸಿಕೊಳ್ಳಲೆಂದು ಹೇಳುವವರಿಗೆ ಶ್ರೀಗಂಧದ ಚರಿತ್ರೆಯೊಂದು ಸಾಕಾದ ಉತ್ತರ. ಟಿಪ್ಪು ಸುಲ್ತಾನನು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ, ಅರಸರ ಕಾಲದಲ್ಲಿಯೂ ಪ್ರಜಾಪ್ರಭುತ್ವದ ಕಾಲದಲ್ಲಿಯೂ ಯಾರ ಹಿತ್ತಿಲಲ್ಲಿ ಹುಟ್ಟಿದರೂ ಅದು ಸರ್ಕಾರದ ಸೊತ್ತಾಗಿಯೇ ಉಳಿಯಿತು. 2001ರ ತಿದ್ದುಪಡಿಯಿಂದ ಮಾತ್ರ ಜಮೀನಿನವನಿಗೆ ಅದರ ಒಡೆತನ ಬಂದಿತು, ಮಾರಾಟದ ಕಟ್ಟುಪಾಡುಗಳು ಆಮೇಲೂ ಉಳಿದುವು. ಇನ್ನೂರು ವರ್ಷಗಳ ಈ ರಾಜಗೌರವದಿಂದ ಗಂಧಕ್ಕೆ ಆದ ಉಪಕಾರವೇನು? ಕಾಯುವ ಹೊಣೆ ರೈತನದು, ಕಳುವಾದರೆ ವಿಚಾರಣೆ ಅವನಿಗೆ, ಮರ ಮಾತ್ರ ಅವನದಲ್ಲ. ಬೇಲಿಯ ಬದಿಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದ ಎರಡೆಲೆಯ ಗಂಧದ ಸಸಿಯನ್ನು, ಯಾರೂ ನೋಡುವ ಮೊದಲೇ, ಕಳೆಯೆಂಬಂತೆ ಕಿತ್ತೆಸೆಯುವುದನ್ನು ರೈತರು ಕಲಿತರು. ಗಂಧದ ಬೇರು ನೆರೆಯ ಗಿಡಗಳ ಬೇರನ್ನು ತಬ್ಬಿ ಅವುಗಳಿಂದ ಆಹಾರವನ್ನು ಪಡೆದು ಬದುಕತಕ್ಕದ್ದು. ನೆರೆಯವರೊಡನೆ ಹೀಗೆ ಹೊಕ್ಕುಬಳಸಿ ಬಾಳುವ ಮರವನ್ನು ಅದು ನಿಂತ ಮನೆಯವನಿಗೇ ಅನ್ಯವಾಗಿ ಮಾಡಿದ್ದು ಆ ಕಟ್ಟಳೆಯ ದೋಷ. ಹೊಳೆಗೆ ಹಾಕಿದ ಕಟ್ಟೆ ಮಿತಿಮೀರಿ ಎತ್ತರವಾದರೆ ನೀರು ದಂಡೆಯನ್ನು ಕೊರೆದು ಬೇರೆ ದಾರಿ ಹಿಡಿಯುತ್ತದೆ.

ಮರವೆಂಬುದು ರೈತನಿಗೆ ನಿಂತ ಹಣ. ಮಗಳ ಮದುವೆ, ತಂದೆಯ ಆಸ್ಪತ್ರೆ, ತಪ್ಪಿಸಲಾಗದ ಸಾಲದ ಕಂತು: ಇವುಗಳಿಗೆ ಒಂದು ಹೊನ್ನೆ, ಎರಡು ಮಾವು ಹೋಗಿವೆ, ಹೋಗುತ್ತವೆ. ಊರಿಗೆಲ್ಲ ಬೀಸುವ ತಂಪಿಗೆ ಅವನೊಬ್ಬನೇ ತೆರಿಗೆ ಕೊಡಬೇಕೆ ಎಂಬ ಪ್ರಶ್ನೆಯಲ್ಲಿ ನ್ಯಾಯವುಂಟು. ಈಶಾವಾಸ್ಯೋಪನಿಷತ್ತು ಸಮಸ್ತವೂ ಈಶನಿಂದ ಆವೃತವೆಂದು ಮೊದಲ ಮಂತ್ರದಲ್ಲಿಯೇ ಹೇಳಿತೆಂಬುದನ್ನು ಹಿಡಿದು ನಿನ್ನದೇನೂ ಇಲ್ಲವೆಂದು ಅವನೊಬ್ಬನಿಗೇ ಬೋಧಿಸುವುದು ಸುಲಭ; ಅದೇ ಮಂತ್ರ ಸರ್ಕಾರಕ್ಕೂ ಅನ್ವಯಿಸುತ್ತದೆಂಬುದನ್ನು ಮಾತ್ರ ಜನ ಮರೆಯುತ್ತಾರೆ. ನನ್ನ ಎಣಿಕೆಯಲ್ಲಿ ಮರದ ವಿಷಯದ ಧರ್ಮವು ಒಡೆತನವನ್ನು ಯಾರಿಂದಲೂ ಕಿತ್ತುಕೊಳ್ಳುವುದಿಲ್ಲ. ಮೂರು ತಲೆಮಾರು ಬೆಳೆದದ್ದನ್ನು ಒಂದು ಮಧ್ಯಾಹ್ನದಲ್ಲಿ ತೆಗೆಯಹೊರಟವನು ಒಂದು ರಾತ್ರಿಯನ್ನಾದರೂ ನಡುವೆ ಬಿಡಬೇಕು, ಯಾರನ್ನಾದರೂ ಕೇಳಬೇಕು, ಏಕೆಂದು ಹೇಳಬೇಕು; ಇಷ್ಟನ್ನು ಅದು ಕೇಳುತ್ತದೆ. ಕೋಪದಲ್ಲಿ ಕಡಿದ ಮರಗಳೆಷ್ಟು, ಅಣ್ಣತಮ್ಮಂದಿರ ಬದುವಿನ ಜಗಳದಲ್ಲಿ ಹೋದ ಮರಗಳೆಷ್ಟು! ಆ ಒಂದು ರಾತ್ರಿಯಿದ್ದಿದ್ದರೆ ಅವುಗಳಲ್ಲಿ ಅರ್ಧ ಉಳಿಯುತ್ತಿದ್ದುವು. ಕಾಯಿದೆಯ ಅರ್ಜಿ ಮೊಹರುಗಳೂ ಊದುಕಡ್ಡಿಯ ಪೂಜೆಯೂ ಈ ತಡವನ್ನು ತರುವಷ್ಟರಮಟ್ಟಿಗೆ ಒಂದೇ ಜಾತಿಯವು. ಅರ್ಜಿಯು ಬರಿಯ ಅಲೆದಾಟವಾಗಿ, ಕೊನೆಗೆ ಯಾರೂ ಮರವನ್ನು ಬಂದು ನೋಡದೆ ಮೊಹರು ಬೀಳುವಂತಾದಾಗ ಮಾತ್ರ, ಪೂಜೆಯ ಪಕ್ಷವೇ ಮೇಲೆಂದು ನನಗೆ ತೋರುತ್ತದೆ. ಪೂಜೆ ಮಾಡುವವನು ಮರದ ಹತ್ತಿರಕ್ಕೆ ಬರಲೇಬೇಕಲ್ಲ!

ಪಟ್ಟಣದ ಅಂಚಿನ ಹೊಸ ಬಡಾವಣೆಗಳಲ್ಲಿ ಈ ಹತ್ತಿರವೇ ಇಲ್ಲ. ಭೂಪರಿವರ್ತನೆಯಾದ ಹೊಲದಲ್ಲಿ ಮೊದಲು ಬರುವುದು ಜೆಸಿಬಿ. ನಿವೇಶನಗಳ ಕಲ್ಲು ನೆಡುವ ವೇಳೆಗೆ ಯಾವ ಮರ ಎಲ್ಲಿತ್ತೆಂದು ಹೇಳುವವರಿರುವುದಿಲ್ಲ. ಪಹಣಿಯಲ್ಲಿ ಮರಗಳಿಗೊಂದು ಅಂಕಣವುಂಟು. ನಾನು ನೋಡಿದ ಪಹಣಿಗಳಲ್ಲಿ ಅದು ಹೆಚ್ಚಾಗಿ ಖಾಲಿ. ಹೋದ ಮರಕ್ಕೆ ಬದಲಾಗಿ ಇಷ್ಟು ಸಸಿಗಳೆಂಬ ಲೆಕ್ಕವು ಪ್ರಾಯಶ್ಚಿತ್ತದ ಲೆಕ್ಕದಂತೆಯೇ. ಮನುವು ಫಲವೃಕ್ಷವನ್ನು ಕಡಿದವನು ನೂರು ಋಕ್ಕುಗಳನ್ನು ಜಪಿಸಲೆಂದನು. ಜಪವು ಕಡಿದವನ ಮನಸ್ಸನ್ನಾದರೂ ತೊಳೆದೀತು. ನೀರು ಕಾಣದೆ ಬೇಸಗೆಯಲ್ಲಿ ಒಣಗಿದ ಹತ್ತು ಸಸಿಗಳು ಮರವನ್ನೂ ತರುವುದಿಲ್ಲ, ಮನಸ್ಸನ್ನೂ ತೊಳೆಯುವುದಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟು, ವೃಂದಾವನದ ಬಳಿ ಖಾಸಗಿ ಜಮೀನಿನಲ್ಲಿ ಅನುಮತಿಯಿಲ್ಲದೆ 454 ಮರಗಳನ್ನು ಕಡಿಸಿದವರಿಗೆ ಮರವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡವನ್ನು ಎತ್ತಿಹಿಡಿದು, ಹೀಗೆ ಕಡಿಯುವುದು ನರಹತ್ಯೆಗಿಂತ ಘೋರವೆಂದಿತು. ಪಣಗಳು ಲಕ್ಷಗಳಾದುವು. ಅತಿಶಯೋಕ್ತಿಯೆಂದು ನಕ್ಕವರುಂಟು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮನುಷ್ಯನನ್ನು ಮರದೊಡನೆ ಹೋಲಿಸಿ, ಕಡಿದ ಮರ ಬೇರಿನಿಂದ ಮತ್ತೆ ಹೊಸದಾಗಿ ಚಿಗುರುತ್ತದೆ, ಮೃತ್ಯು ಕಡಿದ ಮನುಷ್ಯನು ಯಾವ ಬೇರಿನಿಂದ ಚಿಗುರಬೇಕು ಎಂದು ಸಭೆಯನ್ನು ಕೇಳಿದಾಗ ಬ್ರಾಹ್ಮಣರಾರೂ ಉತ್ತರ ಹೇಳಲಿಲ್ಲ. ಆ ಯಾಜ್ಞವಲ್ಕ್ಯನೂ ಚಿಗುರುವ ಮರಗಳಿಗೆ ದಂಡವನ್ನು ವಿಧಿಸಿದ ಸ್ಮೃತಿಯ ಯಾಜ್ಞವಲ್ಕ್ಯನೂ ಒಬ್ಬನೇ ಎಂದು ನಾನು ಸಾಧಿಸಹೊರಟಿಲ್ಲ. ಹೆಸರಾದರೂ ಒಂದೇ ಎಂಬ ಸಂತೋಷ ನನ್ನದು.

ಮರುದಿನ ಬೆಳಗ್ಗೆ ಹುಣಸೆ ಬಿತ್ತು. ಕೊಂಬೆಗಳನ್ನು ಮೊದಲು ಇಳಿಸಿ, ಹಗ್ಗ ಕಟ್ಟಿ, ಹಿತ್ತಿಲ ಗೋಡೆಗೆ ತಗಲದಂತೆ ಅವನು ಬೊಡ್ಡೆಯನ್ನು ಉರುಳಿಸಿದ ಚಾತುರ್ಯವನ್ನು ಊರಿನ ಹುಡುಗರೆಲ್ಲ ನಿಂತು ನೋಡಿದರು. ಬುಡದವರೆಗೆ ಕಡಿಯದೆ ಮೊಳಕಾಲೆತ್ತರ ಬಿಟ್ಟದ್ದನ್ನು ಕಂಡು ಯಜಮಾನರು ಗದರಿಕೊಂಡರು: ಅಡಿಪಾಯ ತೋಡಬೇಕು, ಅದನ್ನೇಕೆ ಬಿಟ್ಟೆ? "ಇರಲಿ ಸ್ವಾಮಿ, ಅಡಿಪಾಯ ಒಂದ್ ಮಾರು ಈಚೆಗೆ ಎಳ್ಕೊಳಿ. ಅದು ಚಿಗುರೋ ಜಾತಿ" ಎಂದು ಅವನು ಹಗ್ಗವನ್ನು ಸುತ್ತತೊಡಗಿದ. ನಾನು ಮತ್ತೆ ಆ ಊರಿಗೆ ಹೋದದ್ದು ಮಳೆ ಹಿಡಿದ ಮೇಲೆ. ಬ್ಯಾರನ್ನುಗಳು ಹತ್ತಿದ್ದ ಕಾಲ. ಹೊಲಗಳ ಮೇಲೆ ತೆಳುವಾದ ಹೊಗೆ ನಿಂತಿತ್ತು. ಹೊಸ ಮನೆಯ ಗೋಡೆ ಎದೆಮಟ್ಟಕ್ಕೆ ಬಂದಿತ್ತು, ಒಂದು ಮಾರು ಈಚೆಗೆ. ಅದರ ಹಿಂದೆ ಹುಣಸೆಯ ಬೊಡ್ಡೆಯ ಅಂಚಿನ ಸುತ್ತಲೂ ಎಳೆಗೆಂಪಿನ ಚಿಗುರು ಎದ್ದಿತ್ತು, ಮತ್ತು ಮೇಕೆಗಳು ಬಾಯಿ ಹಾಕದಂತೆ ಯಾರೋ ಅದಕ್ಕೆ ಜಾಲಿಯ ಮುಳ್ಳು ಕಟ್ಟಿದ್ದರು.